ಸಮುದಾಯ ಜಾಲಕ್ಕೆ ರೌಟರ್ ಸೇರಿತು, ಆದರೆ ಅರ್ಧದಷ್ಟು ಪುಟಗಳು ಮಾತ್ರ ತೆರೆಯುತ್ತವೆ: ತಪ್ಪೆಲ್ಲಿದೆ?

ತಾರಸಿಯವನು · ಶನಿವಾರ, ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ನಮ್ಮ ಸುತ್ತಮುತ್ತಲಿನವರು ಸೇರಿ ನಡೆಸುತ್ತಿರುವ ಸಮುದಾಯ ನಿಸ್ತಂತು ಜಾಲಕ್ಕೆ ನನ್ನ ಹಳೆಯ ಹೊರಾಂಗಣ ರೌಟರ್ ಒಂದನ್ನು ಜೋಡಿಸಲು ಮೂರು ವಾರಗಳಿಂದ ಹೆಣಗುತ್ತಿದ್ದೇನೆ. ಜೋಡಣೆಯೇನೋ ಆಗಿದೆ. ಆದರೆ ಆಗಿಯೂ ಆಗದಂತಿದೆ.

ವಿವರ ಹೀಗಿದೆ. ಹತ್ತಿರದ ನೋಡ್ (ಜಾಲದ ಸಂಪರ್ಕವನ್ನು ಮುಂದಕ್ಕೆ ಹಂಚುವ ರೌಟರ್) ಸುಮಾರು 400 ಮೀಟರ್ ದೂರದ ಇನ್ನೊಂದು ತಾರಸಿಯ ಮೇಲಿದೆ, ಬರಿಗಣ್ಣಿಗೆ ಕಾಣುತ್ತದೆ. ಕೊಂಡಿ 5 ಗಿಗಾಹರ್ಟ್ಸ್‌ನಲ್ಲಿದ್ದು, ನನ್ನ ರೌಟರ್ ತೋರಿಸುವ ಸಿಗ್ನಲ್ −61 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ; ಋಣ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ರೌಟರ್‌ಗೆ ನಾನು ಸಾದಾ ಓಪನ್‌ಡಬ್ಲ್ಯುಆರ್‌ಟಿ (ಮುಕ್ತವಾಗಿ ಸಿಗುವ ಫರ್ಮ್‌ವೇರ್, ಎಂದರೆ ರೌಟರನ್ನು ನಡೆಸುವ ತಂತ್ರಾಂಶ) ಹಾಕಿ, ಅದನ್ನು ಕ್ಲೈಂಟ್ ಆಗಿ ಸೇರಿಸಿದ್ದೇನೆ; 10ರಿಂದ ಆರಂಭವಾಗುವ ವಿಳಾಸ ತಾನಾಗಿಯೇ ಸಿಗುತ್ತದೆ. ಮನೆಯೊಳಗೆ ಇನ್ನೊಂದು ಸಣ್ಣ ವೈಫೈ ಪೆಟ್ಟಿಗೆಯಿದ್ದು, ನಮ್ಮ ಸಾಧನಗಳೆಲ್ಲ 192.168.1ರ ಸಾಲಿನಲ್ಲಿವೆ.

ಈಗ ತೊಂದರೆ. ಸಂದೇಶಗಳು ಹೋಗುತ್ತವೆ, ವಿಡಿಯೊಗಳು ಒಮ್ಮೆಯೂ ನಿಲ್ಲದೆ ಓಡುತ್ತವೆ, ಆದರೆ ಅರ್ಜಿ ತುಂಬುವ ಒಂದು ಸಾದಾ ಪುಟ ಬಿಳಿಯಾಗಿಯೇ ಉಳಿದು ಐದು ನಿಮಿಷ ಸುತ್ತುತ್ತದೆ. ಫೋಟೊ ಲಗತ್ತಿಸಿದ ಮಿಂಚಂಚೆ ಶೂನ್ಯ ಶೇಕಡಾದಲ್ಲೇ ಕುಳಿತಿರುತ್ತದೆ. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಗಣಕವನ್ನು ಆದೇಶ ಕೊಟ್ಟು ನಡೆಸುವ ವಿಧಾನ) ಮೂಲಕ ಪ್ರವೇಶ ಸಿಗುತ್ತದೆ, ಆದರೆ ಒಳಗೆ ಹೋಗಿ ಉದ್ದನೆಯ ಫೈಲ್ ಪಟ್ಟಿ ಕೇಳಿದ ಕೂಡಲೇ ಪರದೆ ಮರಗಟ್ಟುತ್ತದೆ. ಇದೇ ಲ್ಯಾಪ್‌ಟಾಪನ್ನು ನೋಡ್ ಇರುವ ಮನೆಗೆ ಒಯ್ದರೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ಅವರ ರೌಟರ್‌ನಲ್ಲಿರುವುದು ನಮ್ಮ ಜಾಲದವರೇ ಸಿದ್ಧಪಡಿಸಿದ ಫರ್ಮ್‌ವೇರ್.

ಜೊತೆಗೆ ಎರಡು ಚಿಲ್ಲರೆ ಪ್ರಶ್ನೆಗಳಿವೆ. ಫೋನನ್ನು ನೇರವಾಗಿ ಆ ನೋಡ್‌ಗೆ ಸೇರಿಸಲು ಹೋದರೆ ಮೂರು ಗೆರೆ ಸಿಗ್ನಲ್ ತೋರಿಸಿಯೂ ಸಂಪರ್ಕ ನಿಲ್ಲುವುದಿಲ್ಲ. ತಾಪಮಾನ ಅಳೆಯುವ ಪುಟ್ಟ ಸೆನ್ಸರ್ ಒಂದಿದೆ, ಅದಕ್ಕಂತೂ ಜಾಲದ ಹೆಸರೇ ಕಾಣುವುದಿಲ್ಲ.

ಗಾಳಿಗೋಪುರ · ಶನಿವಾರ, ಬೆಳಿಗ್ಗೆ 10:47

ನಿಮ್ಮ ಸಿಗ್ನಲ್ ಸಾಲದು. 400 ಮೀಟರ್‌ಗೆ −61 ಎಂದರೆ ಆಂಟೆನಾ ಗುರಿ ತಪ್ಪಿದೆ ಎಂದೇ ಅರ್ಥ. ಪ್ರಸಾರದ ಶಕ್ತಿಯನ್ನು ಗರಿಷ್ಠಕ್ಕೆ ಏರಿಸಿ, ಆಂಟೆನಾವನ್ನು ಮತ್ತೊಮ್ಮೆ ಹೊಂದಿಸಿ. ಹತ್ತರಲ್ಲಿ ಒಂಬತ್ತು ತೊಂದರೆಗಳು ತಾರಸಿಯ ಮೇಲೆಯೇ ಇರುತ್ತವೆ, ಸೆಟ್ಟಿಂಗ್ ಪುಟದಲ್ಲಿ ಅಲ್ಲ.

ಲೆಕ್ಕಾಚಾರಿ · ಶನಿವಾರ, ಬೆಳಿಗ್ಗೆ 11:15

ಗಾಳಿಗೋಪುರ ಅವರೇ, ಲೆಕ್ಕ ಹಾಕದೆ ತೀರ್ಪು ಕೊಡುವುದು ಬೇಡ. 5.5 ಗಿಗಾಹರ್ಟ್ಸ್‌ನಲ್ಲಿ 400 ಮೀಟರ್ ತೆರೆದ ಬಯಲಿನ ನಷ್ಟ ಸುಮಾರು 99 ಡಿಬಿ. ಎರಡೂ ಬದಿಯಲ್ಲಿ 13 ಡಿಬಿಐ ಆಂಟೆನಾ, ಪ್ರಸಾರ ಶಕ್ತಿ 20 ಡಿಬಿಎಂ ಎಂದುಕೊಂಡರೆ −53ರ ಆಸುಪಾಸು ಬರಬೇಕು. ಸಿಕ್ಕಿರುವುದು −61, ಎಂದರೆ 8 ಡಿಬಿ ಎಲ್ಲೋ ಸೋರುತ್ತಿದೆ, ನಿಜ. ಆದರೆ −61 ಕೆಟ್ಟ ಸಿಗ್ನಲ್ ಅಲ್ಲ. ಧ್ವನಿ ಕರೆಗೆ ಸಾಮಾನ್ಯವಾಗಿ ಹೇಳುವ ಮಿತಿಯೇ −67. ಸಿಗ್ನಲ್ ದುರ್ಬಲವಾಗಿದ್ದರೆ ಎಲ್ಲವೂ ಒಟ್ಟಿಗೆ ನಿಧಾನವಾಗಬೇಕಿತ್ತು. ವಿಡಿಯೊ ಸರಾಗವಾಗಿ ಓಡಿ, ಅಕ್ಷರಗಳಷ್ಟೇ ಇರುವ ಪುಟ ತೆರೆಯದಿದ್ದರೆ ಅದಕ್ಕೆ ಗಾಳಿಯನ್ನು ದೂರಿ ಫಲವಿಲ್ಲ.

ಶಕ್ತಿಯನ್ನು ಗರಿಷ್ಠಕ್ಕೆ ಏರಿಸುವ ಸಲಹೆಯಂತೂ ಅಪಾಯಕಾರಿ. ಅಗ್ಗದ ರೇಡಿಯೊಗಳನ್ನು ತುದಿಯವರೆಗೆ ತಳ್ಳಿದಾಗ ಸಿಗ್ನಲ್ ವಿರೂಪಗೊಂಡು ಮೇಲಿನ ವೇಗಗಳು ಕೈಬಿಡುತ್ತವೆ, ಅಕ್ಕಪಕ್ಕದ ಕೊಂಡಿಗಳಿಗೂ ಗದ್ದಲ ಹೆಚ್ಚುತ್ತದೆ. ಹೊರಾಂಗಣ ಪ್ರಸಾರಕ್ಕೆ ಪ್ರತಿಯೊಂದು ದೇಶವೂ ವಿಧಿಸಿರುವ ಶಕ್ತಿಯ ಮಿತಿ ಇರುತ್ತದೆ ಎಂಬುದನ್ನೂ ಮರೆಯಬಾರದು.

ಹಸಿರುಕೊಂಬೆ · ಶನಿವಾರ, ಬೆಳಿಗ್ಗೆ 11:32

ಆ 8 ಡಿಬಿ ಎಲ್ಲಿ ಸೋರುತ್ತಿದೆ ಎಂದು ನಾನು ಊಹಿಸಬಲ್ಲೆ. ಎದುರಿನ ಆಂಟೆನಾ ಕಣ್ಣಿಗೆ ಕಂಡ ಮಾತ್ರಕ್ಕೆ ದಾರಿ ತೆರವಾಗಿದೆ ಎಂದಲ್ಲ. ರೇಡಿಯೊ ಅಲೆಯು ನೂಲಿನಂತೆ ಹೋಗುವುದಿಲ್ಲ. ನಡುವೆ ಉಬ್ಬಿದ, ತುದಿಗಳಲ್ಲಿ ಚೂಪಾದ ಕದಿರಿನ ಆಕಾರದ ಜಾಗ ಅದಕ್ಕೆ ಬೇಕು. ಇದೇ ಫ್ರೆನೆಲ್ ವಲಯ. ನಿಮ್ಮ ದೂರಕ್ಕೆ, ನಿಮ್ಮ ತರಂಗಾಂತರಕ್ಕೆ ಮಧ್ಯದಲ್ಲಿ ಅದರ ತ್ರಿಜ್ಯ ಸುಮಾರು 2.3 ಮೀಟರ್, ಅದರಲ್ಲಿ ಕನಿಷ್ಠ ಶೇ. 60 ಭಾಗವಾದರೂ ತೆರವಾಗಿರಬೇಕು. ನಮ್ಮ ಕೊಂಡಿಯಲ್ಲಿ ದೃಷ್ಟಿರೇಖೆಯಿಂದ ಒಂದು ಮೀಟರ್ ಕೆಳಗೆ ಒಂದು ಮರದ ತುದಿಯಿತ್ತು. ಎಲೆ ಉದುರಿದ್ದಾಗ ಎಲ್ಲ ಸರಿಯಿತ್ತು. ಚಿಗುರಿದ ಮೇಲೆ 7 ಡಿಬಿ ಹೋಯಿತು, ಮಳೆ ಬಂದು ಎಲೆ ನೆನೆದ ದಿನ ಇನ್ನಷ್ಟು. ಮರ ಕಡಿಯಲಿಲ್ಲ, ಕಂಬವನ್ನೇ ಎರಡು ಮೀಟರ್ ಎತ್ತರಿಸಿದೆವು.

ಬಿಟ್ಟಸ್ಥಳ · ಶನಿವಾರ, ಬೆಳಿಗ್ಗೆ 11:40

ಇದು ಡಿಎನ್‌ಎಸ್ ತೊಂದರೆ, ತಾಣದ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆಯದ್ದು. ಯಾವಾಗಲೂ ಡಿಎನ್‌ಎಸ್‌ನದ್ದೇ.

ತಾರಸಿಯವನು · ಶನಿವಾರ, ಮಧ್ಯಾಹ್ನ 1:05

ಎಲ್ಲರಿಗೂ ಧನ್ಯವಾದಗಳು. ಡಿಎನ್‌ಎಸ್ ನೋಡಿದೆ: ತೆರೆಯದ ಪುಟದ ಹೆಸರಿಗೂ ವಿಳಾಸ ಕ್ಷಣಾರ್ಧದಲ್ಲಿ ಸಿಗುತ್ತದೆ, ಆ ವಿಳಾಸಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷಾ ಸಂದೇಶ) ಕೂಡ ಹೋಗಿ ಬರುತ್ತದೆ. ನನ್ನ ರೌಟರ್ ಮತ್ತು ಎದುರಿನ ನೋಡ್ ನಡುವೆ ಹತ್ತು ನಿಮಿಷ ವೇಗ ಪರೀಕ್ಷೆ ನಡೆಸಿದೆ. 40 ಎಂಬಿಪಿಎಸ್‌ಗಿಂತ ಕೆಳಗೆ ಇಳಿಯಲಿಲ್ಲ. ಮರವಿರುವುದು ನಿಜ, ಹಸಿರುಕೊಂಬೆ ಅವರೇ, ಕಂಬವನ್ನು ಎತ್ತರಿಸುತ್ತೇನೆ. ಆದರೆ ಬಿಳಿ ಪುಟಕ್ಕೆ ಮರ ಕಾರಣವೆಂದು ನನಗೂ ಅನಿಸುತ್ತಿಲ್ಲ.

ಹಳೇನೋಡ್ · ಶನಿವಾರ, ಮಧ್ಯಾಹ್ನ 2:18

ಮುಖ್ಯ ತೊಂದರೆಯನ್ನು ಬಲ್ಲವರು ಬಿಡಿಸಲಿ, ನಾನು ಫೋನಿನ ಮಾತಿಗೆ ಬರುತ್ತೇನೆ.

ನಿಮ್ಮ ಫೋನ್ ತೋರಿಸುವ ಮೂರು ಗೆರೆ ಒಮ್ಮುಖದ ಮಾತು. ತಾರಸಿಯ ನೋಡ್ ದೊಡ್ಡ ಆಂಟೆನಾ ಹಿಡಿದು ಕೂಗುತ್ತದೆ, ಅದು ಫೋನಿಗೆ ಕೇಳಿಸುತ್ತದೆ. ಫೋನ್ ತನ್ನ ಪುಟ್ಟ ಆಂಟೆನಾದಿಂದ ಉಸುರಿದ್ದು 400 ಮೀಟರ್ ದಾಟಿ ನೋಡ್‌ಗೆ ತಲುಪುವುದಿಲ್ಲ. ತಲುಪಿದರೂ ಅತ್ಯಂತ ಕೆಳಗಿನ ವೇಗದಲ್ಲಿ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 1500 ಬೈಟ್‌ನ ಒಂದು ಪ್ಯಾಕೆಟ್ (ದತ್ತಾಂಶದ ಒಂದು ತುಂಡು) 6 ಎಂಬಿಪಿಎಸ್ ವೇಗದಲ್ಲಿ ಗಾಳಿಯನ್ನು 2 ಮಿಲಿಸೆಕೆಂಡ್ ಹಿಡಿದಿಟ್ಟರೆ, ಅದೇ ಪ್ಯಾಕೆಟ್ 54ರಲ್ಲಿ ಅದರ ಒಂಬತ್ತನೇ ಒಂದು ಭಾಗದ ಸಮಯದಲ್ಲಿ ಹೋಗುತ್ತದೆ. ಗಾಳಿ ಎಲ್ಲರಿಗೂ ಒಂದೇ. ತೊದಲುವ ಒಂದು ಫೋನ್ ಆ ನೋಡ್‌ನ ಉಳಿದವರೆಲ್ಲರನ್ನೂ ಕಾಯಿಸುತ್ತದೆ. ಹೀಗಾಗಿಯೇ ಹಲವು ಜಾಲಗಳಲ್ಲಿ ಕೆಳಗಿನ ವೇಗಗಳನ್ನು ನೋಡ್‌ನಲ್ಲೇ ಮುಚ್ಚಿಡುತ್ತಾರೆ. ಫೋನನ್ನು ಮನೆಯೊಳಗಿನ ಪೆಟ್ಟಿಗೆಗೇ ಸೇರಿಸಿ. ಸೌಜನ್ಯವೂ ಅದೇ, ಲಾಭವೂ ಅದೇ.

ನಿಮ್ಮ ಜಾಲದವರು ಎಂಎಸಿ ವಿಳಾಸ (ಸಾಧನದ ಗುರುತು ಸಂಖ್ಯೆ) ನೋಡಿ ಗುರುತಿಸುವವರಾದರೆ ಇನ್ನೊಂದನ್ನೂ ಪರಿಶೀಲಿಸಿ. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದೀಚೆಗೆ ಫೋನ್‌ಗಳು ಪ್ರತಿಯೊಂದು ಜಾಲಕ್ಕೂ ಸುಳ್ಳು ಎಂಎಸಿ ಒಂದನ್ನು ಹುಟ್ಟಿಸಿಕೊಳ್ಳುತ್ತವೆ. ಪೆಟ್ಟಿಗೆಯ ಮೇಲೆ ಅಚ್ಚಾದ ಎಂಎಸಿಯನ್ನು ಬರೆದುಕೊಟ್ಟು ‘ನಮ್ಮನ್ನು ಸೇರಿಸಿಕೊಳ್ಳುತ್ತಿಲ್ಲ’ ಎಂದು ದೂರಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ಒಂದು ಜಾಲಕ್ಕೆ ಮಾತ್ರ ನಿಜವಾದ ಎಂಎಸಿ ಬಳಸುವಂತೆ ಫೋನಿನಲ್ಲೇ ಆಯ್ಕೆಯಿರುತ್ತದೆ.

ಪುಟ್ಟಚಿಪ್ಪು · ಶನಿವಾರ, ಮಧ್ಯಾಹ್ನ 2:40

ಸೆನ್ಸರ್‌ನಲ್ಲಿರುವುದು ಇಎಸ್‌ಪಿ8266 ಜಾತಿಯ ಚಿಪ್ ಆಗಿದ್ದರೆ ಅದಕ್ಕೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೇನೂ ಕಾಣುವುದಿಲ್ಲ. ನಿಮ್ಮ ನೋಡ್ ಇರುವುದು 5ರಲ್ಲಿ. ಒಂದುವೇಳೆ ಕಂಡರೂ, ಒಪ್ಪಿಗೆ ಕೇಳುವ ಸ್ವಾಗತ ಪುಟವೇನಾದರೂ ನಿಮ್ಮ ಜಾಲದಲ್ಲಿದ್ದರೆ, ಗುಂಡಿ ಒತ್ತಲು ಆ ಸೆನ್ಸರ್‌ಗೆ ಬೆರಳೂ ಇಲ್ಲ, ಬ್ರೌಸರ್ ಕೂಡ ಇಲ್ಲ. ಮನೆಯ ಪೆಟ್ಟಿಗೆಯಲ್ಲಿ 2.4ರ ವೈಫೈ ಒಂದನ್ನು ಡಬ್ಲ್ಯುಪಿಎ2 ಇಟ್ಟು ತೆರೆಯಿರಿ, ಚಾನೆಲ್ 1, 6 ಅಥವಾ 11ರಲ್ಲೇ ಇರಲಿ.

ಲೆಕ್ಕಾಚಾರಿ · ಶನಿವಾರ, ಮಧ್ಯಾಹ್ನ 2:52

ಪುಟ್ಟಚಿಪ್ಪು ಅವರ ಕೊನೆಯ ಮಾತಿಗೆ ಒಂದು ಸೇರ್ಪಡೆ. ಕೆಲವು ದೇಶಗಳಲ್ಲಿ 12 ಮತ್ತು 13ನೆಯ ಚಾನೆಲ್‌ಗಳಿಗೂ ಅನುಮತಿಯಿದೆ. ಅಲ್ಲಿ ರೌಟರ್ ‘ಸ್ವಯಂಚಾಲಿತ’ ಎಂಬ ಆಯ್ಕೆಯಲ್ಲಿದ್ದು 13ಕ್ಕೆ ಹೋಗಿ ಕುಳಿತರೆ, ಬೇರೆ ದೇಶದ ಸಂಕೇತ ಇಟ್ಟುಕೊಂಡ ಸಾಧನಗಳಿಗೆ ಆ ಜಾಲ ಅಸ್ತಿತ್ವದಲ್ಲೇ ಇರುವುದಿಲ್ಲ. ಹೆಸರು ಕಾಣದಿದ್ದಾಗ ಮೊದಲು ಬ್ಯಾಂಡ್, ಆಮೇಲೆ ಚಾನೆಲ್, ಕೊನೆಗೆ ಪಾಸ್‌ವರ್ಡ್.

ಬೆಸುಗೆ · ಶನಿವಾರ, ಸಂಜೆ 5:30

ಎಲ್ಲರೂ ಗೆರೆ, ಚಾನೆಲ್, ಡಿಬಿ ಎನ್ನುತ್ತಿದ್ದೀರಿ, ಮೂಲದಲ್ಲೇ ಇರುವ ತಪ್ಪನ್ನು ಯಾರೂ ಹೇಳುತ್ತಿಲ್ಲ. ತಾರಸಿಯವನು ಅವರು ಜಾಲಕ್ಕೆ ಸೇರಿಲ್ಲ, ಜಾಲದ ಗ್ರಾಹಕರಾಗಿದ್ದಾರೆ. ಕ್ಲೈಂಟ್ ಆಗಿ ಅಂಟಿಕೊಂಡ ರೌಟರ್ ತನ್ನ ಮನೆಯನ್ನು ಎನ್‌ಎಟಿಯ (ಮನೆಯ ಸಾಧನಗಳನ್ನೆಲ್ಲ ಹೊರಗೆ ಒಂದೇ ವಿಳಾಸವಾಗಿ ತೋರಿಸುವ ವಿಧಾನ) ಹಿಂದೆ ಬಚ್ಚಿಟ್ಟು, ಬೇಕಾದ್ದನ್ನು ಎಳೆದುಕೊಳ್ಳುತ್ತದೆಯೇ ಹೊರತು ಬೇರೆಯವರ ಒಂದು ಪ್ಯಾಕೆಟನ್ನೂ ಮುಂದಕ್ಕೆ ದಾಟಿಸುವುದಿಲ್ಲ. ಅವರ ತಾರಸಿಯಿಂದ ಇನ್ನೂ ಮೂರು ಮನೆ ಕಾಣುತ್ತಿರಬಹುದು. ಆ ಮೂರು ಮನೆಗಳಿಗೆ ಜಾಲ ಅವರಲ್ಲಿಗೆ ಬಂದು ನಿಂತುಬಿಡುತ್ತದೆ.

ಜರ್ಮನಿಯ ಫ್ರೈಫುಂಕ್ ಆಗಲಿ, 2004ರಲ್ಲಿ ಕ್ಯಾಟಲೋನಿಯಾದಲ್ಲಿ ಆರಂಭವಾಗಿ 30,000ಕ್ಕೂ ಹೆಚ್ಚು ನೋಡ್‌ಗಳಿಗೆ ಬೆಳೆದ ಗೈಫಿ ಆಗಲಿ, ಗ್ರಾಹಕರಿಂದ ಬೆಳೆದವಲ್ಲ. ಇಂಥ ಜಾಲಗಳಲ್ಲಿ ಬಳಕೆಗೆ ಬಂದ ಪೀಕೊ ಪಿಯರಿಂಗ್ ಒಪ್ಪಂದದ ಮೊದಲ ಅಂಶವೇ ನನ್ನ ಉಪಕರಣದ ಮೂಲಕ ಬೇರೆಯವರ ದತ್ತಾಂಶ ಮುಕ್ತವಾಗಿ ಹಾದುಹೋಗಲಿ, ನಾನು ಅದನ್ನು ತಡೆಯುವುದಿಲ್ಲ, ತಿದ್ದುವುದಿಲ್ಲ ಎಂಬುದು. ಜಾಲದ ಫರ್ಮ್‌ವೇರ್ ಹಾಕಿಕೊಂಡು ಪೂರ್ಣ ನೋಡ್ ಆಗಿದ್ದರೆ ಈ ತೊಂದರೆಯೇ ಬರುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಗಾಳಿಗೋಪುರ · ಶನಿವಾರ, ಸಂಜೆ 5:44

ಬೆಸುಗೆ ಅವರೇ, ಪಾಪ, ಅವರು ಕೇಳಿದ್ದು ಬಿಳಿ ಪುಟದ ಬಗ್ಗೆ. ನೀವು ದೀಕ್ಷೆ ಕೊಡಲು ಹೊರಟಿದ್ದೀರಿ.

ಹಳೇನೋಡ್ · ಶನಿವಾರ, ಸಂಜೆ 6:10

ತತ್ವ ಸರಿಯೇ, ಆದರೆ ಒಂದೇ ರೇಡಿಯೊ ಇರುವ ಹಳೆಯ ಪೆಟ್ಟಿಗೆಯನ್ನು ದಾಟಿಸುವ ನೋಡ್ ಮಾಡಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕಲ್ಲವೇ? ಕೇಳಿಸಿಕೊಂಡ ಪ್ಯಾಕೆಟನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳಬೇಕು, ಒಂದೊಂದು ಜಿಗಿತಕ್ಕೂ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಲ್ಲರೂ ದಾಟಿಸಲೇಬೇಕೆಂಬ ಹಠಕ್ಕೆ ಬಿದ್ದ ಜಾಲಗಳು ಐದನೇ ಜಿಗಿತದಲ್ಲಿ ಕೈಚೆಲ್ಲಿದ್ದನ್ನು ನೋಡಿದ್ದೇನೆ. ಆಗ ನಾವು ಬಳಸುತ್ತಿದ್ದುದು ಅಡ್‌ಹಾಕ್ ವಿಧಾನ, ನಡುವೆ ಮುಖ್ಯ ರೌಟರ್ ಇಲ್ಲದೆ ಪೆಟ್ಟಿಗೆಗಳು ನೇರವಾಗಿ ಮಾತಾಡುವುದು. ಒಂದೇ ಹೆಸರಿನ ಜಾಲ ರಾತ್ರೋರಾತ್ರಿ ಎರಡು ಬಿಎಸ್‌ಎಸ್‌ಐಡಿಗಳಾಗಿ (ವೈಫೈ ಗುಂಪಿನ ಒಳಗುರುತು) ಒಡೆದು, ಪಕ್ಕಪಕ್ಕದ ಎರಡು ಪೆಟ್ಟಿಗೆಗಳು ಒಂದನ್ನೊಂದು ಕಂಡೂ ಕಾಣದಂತೆ ಕುಳಿತಿರುತ್ತಿದ್ದವು. ದಾರಿ ಹುಡುಕುವ ಕೆಲಸ 2003ರಲ್ಲಿ ಪ್ರಮಾಣೀಕರಣದ ಕಡತವಾಗಿ ಬಂದ ಓಎಲ್‌ಎಸ್‌ಆರ್‌ನದ್ದು. ಈಗಿನವರಿಗೆ 2011ರಿಂದ ಲಿನಕ್ಸ್ ಕರ್ನೆಲ್‌ನ ಒಳಗೇ ಇರುವ ಬ್ಯಾಟ್‌ಮನ್-ಅಡ್ವ್ ಇದೆ, ಜೊತೆಗೆ ಬೇಬಲ್ ಎಲ್ಲ ಇವೆ, ಪುಣ್ಯವಂತರು. ಅಂಚಿನ ಮನೆ ಕ್ಲೈಂಟ್ ಆಗಿದ್ದರೆ ತಪ್ಪಿಲ್ಲ.

ಬೆಸುಗೆ · ಶನಿವಾರ, ಸಂಜೆ 6:25

ಅಂಚು ಎಲ್ಲಿದೆ ಎಂದು ತೀರ್ಮಾನಿಸುವವರು ಯಾರು? ಮುಂದಿನ ಮನೆಯವರು ಬಂದು ಕೇಳುವವರೆಗೆ ಎಲ್ಲರೂ ಅಂಚಿನವರೇ. ಎರಡು ರೇಡಿಯೊ ಇಡಿ, ಒಂದು ಕೊಂಡಿಗೆ, ಒಂದು ಹಂಚಿಕೆಗೆ. ನಾನು ಹೇಳುತ್ತಿರುವುದು ಅಷ್ಟೇ.

ಮೌನಿ · ಶನಿವಾರ, ರಾತ್ರಿ 8:02

ಎಲ್ಲರೂ ದಾಟಿ ಹೋದ ಒಂದು ಸಾಲು ಮೊದಲ ಬರಹದಲ್ಲೇ ಇದೆ: ಎಸ್‌ಎಸ್‌ಎಚ್ ಪ್ರವೇಶ ಸಿಗುತ್ತದೆ, ಉದ್ದನೆಯ ಪಟ್ಟಿ ಕೇಳಿದಾಗ ಮರಗಟ್ಟುತ್ತದೆ.

ಪ್ರವೇಶದ ಮಾತುಕತೆ ಸಣ್ಣ ಪ್ಯಾಕೆಟ್‌ಗಳದ್ದು. ಉದ್ದನೆಯ ಪಟ್ಟಿ ಬರುವಾಗ ಮೊದಲ ಬಾರಿಗೆ ಪ್ಯಾಕೆಟ್ ಅಂಚಿನವರೆಗೆ ತುಂಬುತ್ತದೆ. ಸಣ್ಣವು ದಾಟುತ್ತಿವೆ, ತುಂಬಿದವು ದಾಟುತ್ತಿಲ್ಲ. ತಾರಸಿಯವನು ಅವರೇ, ದಯವಿಟ್ಟು ಒಂದು ಪರೀಕ್ಷೆ ಮಾಡಿ. ಪ್ಯಾಕೆಟನ್ನು ತುಂಡರಿಸಬಾರದು ಎಂಬ ಸೂಚನೆಯೊಂದಿಗೆ ಹೊರಗಿನ ಯಾವುದಾದರೂ ವಿಳಾಸಕ್ಕೆ 1472 ಬೈಟ್ ಗಾತ್ರದ ಪಿಂಗ್ ಕಳುಹಿಸಿ. ಹೋಗದಿದ್ದರೆ ಇಳಿಸುತ್ತಾ ಬನ್ನಿ, ಯಾವ ಸಂಖ್ಯೆಯಲ್ಲಿ ಉತ್ತರ ಬರಲು ಶುರುವಾಗುತ್ತದೆ ಎಂದು ಬರೆದುಕೊಳ್ಳಿ.

ತಾರಸಿಯವನು · ಶನಿವಾರ, ರಾತ್ರಿ 9:37

ಮಾಡಿದೆ. 1472ಕ್ಕೆ ಉತ್ತರವಿಲ್ಲ, ದೋಷದ ಸಂದೇಶವೂ ಇಲ್ಲ, ಬರೀ ಮೌನ. 1400ಕ್ಕೂ ಅದೇ. 1300ಕ್ಕೆ ಕೂಡಲೇ ಉತ್ತರ ಬಂತು. ಮೇಲಕ್ಕೆ ಹತ್ತುತ್ತಾ ಹೋದೆ: 1350 ಹೋಯಿತು, 1390 ಹೋಯಿತು, 1392 ಹೋಯಿತು. 1393 ಹೋಗಲಿಲ್ಲ. ನಂಬಲಾಗದೆ ಇಪ್ಪತ್ತು ಸಲ ಕಳುಹಿಸಿದೆ. ಒಂದೇ ಒಂದು ಬೈಟ್‌ನ ವ್ಯತ್ಯಾಸಕ್ಕೆ, ಇಪ್ಪತ್ತಕ್ಕೆ ಇಪ್ಪತ್ತೂ ಹೋಗಲಿಲ್ಲ.

ಇದರ ಅರ್ಥವೇನು?

ಗಾಳಿಗೋಪುರ · ಶನಿವಾರ, ರಾತ್ರಿ 9:50

ಓಹೋ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ)! ರೌಟರ್‌ನಲ್ಲಿ 1492 ಎಂದು ಇಡಿ, ಮುಗಿಯಿತು.

ಮೌನಿ · ಶನಿವಾರ, ರಾತ್ರಿ 10:15

ಮುಗಿಯುವುದಿಲ್ಲ, ಗಾಳಿಗೋಪುರ ಅವರೇ. 1492 ಎಂಬುದು ಪಿಪಿಪಿಓಇ (ಕೆಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳ ವಿಧಾನ) ಸಂಪರ್ಕಗಳ ಸಂಖ್ಯೆ; ಅಲ್ಲಿ 8 ಬೈಟ್ ತಲೆಬರಹಕ್ಕೆ ಹೋಗುತ್ತದೆ. ಇಲ್ಲಿ ಲೆಕ್ಕ ಬೇರೆ. ಪಿಂಗ್‌ನ 1392ಕ್ಕೆ ಐಸಿಎಂಪಿಯ (ಪಿಂಗ್ ಮತ್ತು ದೋಷದ ಸಂದೇಶಗಳನ್ನು ಒಯ್ಯುವ ವಿಧಾನ) 8, ಐಪಿಯ 20 ಬೈಟ್ ತಲೆಬರಹ ಸೇರಿಸಿದರೆ 1420. ಈ ಸಂಖ್ಯೆಯನ್ನು ನೋಡಿದರೆ ನನಗೆ ಮೊದಲು ನೆನಪಾಗುವುದು ವೈರ್‌ಗಾರ್ಡ್, ಪ್ಯಾಕೆಟ್‌ಗಳನ್ನು ಗೂಢಲಿಪಿಯ ಹೊದಿಕೆಯಲ್ಲಿ ಸುತ್ತಿ ಸುರಂಗದಂತೆ ಸಾಗಿಸುವ ತಂತ್ರಾಂಶ. ಅದರ ಸುರಂಗ ಐಪಿವಿ6ರ ಮೇಲೆ ಹೋದರೆ ಪ್ರತಿ ಪ್ಯಾಕೆಟ್‌ಗೆ 80 ಬೈಟ್ ಹೊದಿಕೆ, ಐಪಿವಿ4ರ ಮೇಲೆ 60. ಎರಡಕ್ಕೂ ಸಾಲಲೆಂದು ಸಾಮಾನ್ಯವಾಗಿ 1500ರಿಂದ 80 ಕಳೆದು 1420 ಇಡಲಾಗುತ್ತದೆ. ಎಂದರೆ ನಿಮ್ಮ ಜಾಲದ ಗೇಟ್‌ವೇ (ಇಂಟರ್ನೆಟ್‌ಗೆ ಹೋಗುವ ದ್ವಾರ) ಹೊರಜಗತ್ತಿಗೆ ಹೋಗುವುದು ಇಂಥದೊಂದು ಸುರಂಗದ ಮೂಲಕ. ಗಾಳಿಯಲ್ಲಿ 1500ರ ಹೆದ್ದಾರಿ, ಕೊನೆಯಲ್ಲಿ 1420ರ ಬಾಗಿಲು.

ಇದು ಹೊಸ ಸಮಸ್ಯೆಯೇನೂ ಅಲ್ಲ. ಕಿರಿದಾದ ಬಾಗಿಲು ಸಿಕ್ಕಾಗ ಅಲ್ಲಿನ ರೌಟರ್ ‘ತುಂಡರಿಸದೆ ದಾಟಿಸಲಾರೆ, ನನ್ನ ಮಿತಿ ಇಷ್ಟು’ ಎಂಬ ಐಸಿಎಂಪಿ ಸಂದೇಶವನ್ನು ಕಳುಹಿಸಿದವರಿಗೆ ಹಿಂತಿರುಗಿಸಬೇಕು, ಅವರು ಗಾತ್ರ ಇಳಿಸಿ ಮತ್ತೆ ಕಳುಹಿಸಬೇಕು ಎಂಬ ಕ್ರಮ 1990ರಿಂದಲೂ ಇದೆ. ಆ ಸಂದೇಶವನ್ನು ದಾರಿಯಲ್ಲಿ ಯಾರಾದರೂ ನುಂಗಿದರೆ, ಕಳುಹಿಸಿದವರಿಗೆ ಏನೂ ತಿಳಿಯುವುದಿಲ್ಲ. ಅದೇ ದಪ್ಪ ಪ್ಯಾಕೆಟನ್ನು ಮತ್ತೆ ಮತ್ತೆ ಕಳುಹಿಸುತ್ತಾ ಕೂರುತ್ತಾರೆ. ನಿಮ್ಮ ಬಿಳಿ ಪುಟ ಅದೇ.

ಇನ್ನು ವಿಡಿಯೊ ಓಡುವ ಗುಟ್ಟು. ದೊಡ್ಡ ವಿಡಿಯೊ ತಾಣಗಳು ಬಹುಮಟ್ಟಿಗೆ ಕ್ವಿಕ್ ಎಂಬ ಹೊಸ ವಿಧಾನದಲ್ಲಿ ಮಾತಾಡುತ್ತವೆ. 2021ರಲ್ಲಿ ಪ್ರಮಾಣೀಕೃತವಾದ ಅದು 1200 ಬೈಟ್ ದಾಟುವ ದಾರಿಯೊಂದಿದ್ದರೆ ಸಾಕೆಂದು ಆರಂಭಿಸಿ, ದೊಡ್ಡ ಗಾತ್ರವನ್ನು ಪರೀಕ್ಷಿಸಿ ನೋಡಿದ ಮೇಲಷ್ಟೇ ಬಳಸುತ್ತದೆ. ಐಸಿಎಂಪಿಯ ಕೃಪೆಗೆ ಕಾಯುವುದಿಲ್ಲ. ಅರ್ಜಿ ತುಂಬುವ ಹಳೆಯ ಪುಟ ಟಿಸಿಪಿ ಎಂಬ ಹಳೆಯ ವಿಧಾನದ್ದು, ಅದು ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಿದೆ.

ಒಂದು ಪ್ರಶ್ನೆ ಉಳಿಯುತ್ತದೆ. ನಿಮ್ಮ ಪಿಂಗ್‌ಗೆ ಗೇಟ್‌ವೇಯಿಂದ ದೋಷದ ಸಂದೇಶವಾದರೂ ಬರಬೇಕಿತ್ತು. ಅದನ್ನು ನುಂಗಿದವರು ಯಾರು?

ತಾರಸಿಯವನು · ಶನಿವಾರ, ರಾತ್ರಿ 10:41

ನುಂಗಿದವನು ನಾನೇ ಇರಬೇಕು. ರೌಟರ್ ಸಿದ್ಧಪಡಿಸುವಾಗ ಎಲ್ಲೋ ಓದಿದ ಸುರಕ್ಷತಾ ಸಲಹೆಯಂತೆ, ಜಾಲದ ಕಡೆಯಿಂದ ಬರುವ ಐಸಿಎಂಪಿಯಲ್ಲಿ ಪಿಂಗ್‌ನ ಉತ್ತರವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ತಿರಸ್ಕರಿಸುವ ನಿಯಮ ಹಾಕಿದ್ದೆ. ಈಗ ಅದನ್ನು ತೆಗೆದು 1393 ಕಳುಹಿಸಿದೆ. ಕೂಡಲೇ ಉತ್ತರ ಬಂತು: ತುಂಡರಿಸುವ ಅಗತ್ಯವಿದೆ, ಎಂಟಿಯು 1420.

ಫೋಟೊ ಲಗತ್ತಿಸಿದ ಮಿಂಚಂಚೆ ಈಗ ಹೋಯಿತು! ಆದರೆ ಅರ್ಜಿಯ ಪುಟ ಇನ್ನೂ ಬಿಳಿಯಾಗಿಯೇ ಇದೆ.

ಬಿಟ್ಟಸ್ಥಳ · ಶನಿವಾರ, ರಾತ್ರಿ 10:44

ಡಿಎನ್‌ಎಸ್ ಅಲ್ಲ ಎಂದು ಒಪ್ಪಿಕೊಂಡಿದ್ದೇನೆ.

ಕಾವಲುಗಾರ · ಭಾನುವಾರ, ಬೆಳಿಗ್ಗೆ 8:30

ಐಸಿಎಂಪಿ ತಡೆದದ್ದನ್ನು ಅಪರಾಧದಂತೆ ಹೇಳಬೇಡಿ. ಸಮುದಾಯ ಜಾಲವೆಂದರೆ ಅಪರಿಚಿತರ ನಡುವೆ ಬಾಗಿಲು ತೆರೆದಿಟ್ಟಂತೆ. ಯಾರು ಯಾವ ಸಾಧನವನ್ನು ತಡಕಾಡುತ್ತಾರೋ ಹೇಳಲಾಗದು. ನಮ್ಮ ಮನೆಯ ರೌಟರ್ ಹೊರಗಿನಿಂದ ಕಾಣಿಸದಿರುವುದೇ ಒಳ್ಳೆಯದು.

ಲೆಕ್ಕಾಚಾರಿ · ಭಾನುವಾರ, ಬೆಳಿಗ್ಗೆ 9:05

ಕಾಣಿಸದಿರುವುದು ಬೇರೆ, ಕಿವಿ ಮುಚ್ಚಿಕೊಳ್ಳುವುದು ಬೇರೆ. ಹೊರಗಿನವರು ಕಳುಹಿಸುವ ಪಿಂಗ್‌ಗೆ ಉತ್ತರಿಸಬೇಡಿ, ಅದು ನಿಮ್ಮ ಇಷ್ಟ. ಆದರೆ ನೀವೇ ಆರಂಭಿಸಿದ ಮಾತುಕತೆಯ ಬಗ್ಗೆ ಬರುವ ದೋಷದ ಸಂದೇಶವನ್ನು ತಡೆದರೆ ನಷ್ಟ ನಿಮಗೇ. ಐಪಿವಿ6ರಲ್ಲಂತೂ ದಾರಿಯ ರೌಟರ್‌ಗಳು ಪ್ಯಾಕೆಟನ್ನು ತುಂಡರಿಸುವುದೇ ಇಲ್ಲ, ಎಲ್ಲವೂ ಆ ಸಂದೇಶದ ಮೇಲೆಯೇ ನಿಂತಿದೆ. ನಿಜವಾದ ಸುರಕ್ಷತೆ ಬೇಕಿದ್ದರೆ ರೌಟರ್‌ನ ಆಡಳಿತ ಪುಟ ಜಾಲದ ಕಡೆಯಿಂದ ತೆರೆಯದಂತೆ ಮಾಡಿ, ಬಳಸುವ ತಾಣಗಳು ಎಚ್‌ಟಿಟಿಪಿಎಸ್‌ನಲ್ಲಿವೆಯೇ ನೋಡಿ. ಪಾಸ್‌ವರ್ಡ್ ಇಲ್ಲದ ಮುಕ್ತ ವೈಫೈಯಲ್ಲಿ ಗಾಳಿಯಲ್ಲಿ ಹೋಗುವುದನ್ನು ಪಕ್ಕದವರು ಹಿಡಿಯಬಲ್ಲರು, ಅದು ಐಸಿಎಂಪಿ ತಡೆದರೆ ನಿಲ್ಲುವುದಿಲ್ಲ.

ಕಾವಲುಗಾರ · ಭಾನುವಾರ, ಬೆಳಿಗ್ಗೆ 9:20

ದೋಷದ ಸಂದೇಶಗಳ ಮಟ್ಟಿಗೆ ಒಪ್ಪುತ್ತೇನೆ. ಉಳಿದದ್ದಕ್ಕೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮೌನಿ · ಭಾನುವಾರ, ಬೆಳಿಗ್ಗೆ 10:00

ಮಿಂಚಂಚೆ ಹೋಗಿದ್ದಕ್ಕೂ ಪುಟ ಬಾರದ್ದಕ್ಕೂ ಕಾರಣ ದಿಕ್ಕು. ಮೇಲಕ್ಕೆ ಹೋಗುವಾಗ ದಪ್ಪ ಪ್ಯಾಕೆಟ್ ಕಳುಹಿಸುವವರು ನೀವು. ನಿಮಗೆ ಈಗ ಸಂದೇಶ ಕೇಳಿಸುತ್ತದೆ, ಇಳಿಸುತ್ತೀರಿ. ಕೆಳಗೆ ಬರುವಾಗ ಕಳುಹಿಸುವುದು ಆ ತಾಣದ ಸರ್ವರ್. ಸುರಂಗದ ಆಚೆ ತುದಿ ಅದಕ್ಕೆ ಸಂದೇಶ ಕೊಡುತ್ತದೆ, ಆದರೆ ಆ ತಾಣದವರೂ ಕಾವಲುಗಾರ ಅವರಂತೆ ಯೋಚಿಸುವವರಾಗಿದ್ದರೆ ಕೇಳಿಸುವುದಿಲ್ಲ. ಅವರ ಗೋಡೆಯನ್ನು ನೀವು ಬದಲಿಸಲಾರಿರಿ.

ಪರಿಹಾರವೆಂದರೆ ಟಿಸಿಪಿ ಮಾತು ಶುರುವಾಗುವಾಗಲೇ ‘ನನಗೆ 1380ಕ್ಕಿಂತ ದೊಡ್ಡ ತುಂಡು ಬೇಡ’ ಎಂದು ಹೇಳಿಸಿಬಿಡುವುದು. 1420ರಲ್ಲಿ ಐಪಿಗೆ 20, ಟಿಸಿಪಿಗೆ 20 ಕಳೆದರೆ 1380. ಇದನ್ನು ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎನ್ನುತ್ತಾರೆ.

ಗಾಳಿಗೋಪುರ · ಭಾನುವಾರ, ಬೆಳಿಗ್ಗೆ 10:12

ಅದು ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಹೊರಗಿನ ವಲಯಕ್ಕೆ ಮೊದಲೇ ಆನ್ ಆಗಿರುತ್ತದೆ. ಈ ಬಾರಿ ನೋಡಿಯೇ ಹೇಳುತ್ತಿದ್ದೇನೆ.

ಮೌನಿ · ಭಾನುವಾರ, ಬೆಳಿಗ್ಗೆ 10:26

ಸರಿಯಾಗಿ ಹೇಳಿದಿರಿ, ಆದರೆ ಅದು ತನ್ನ ಸ್ವಂತ ಇಂಟರ್‌ಫೇಸಿನ ಎಂಟಿಯು ನೋಡಿ ಕ್ಲ್ಯಾಂಪ್ ಮಾಡುತ್ತದೆ. ತಾರಸಿಯವನು ಅವರ ನಿಸ್ತಂತು ಇಂಟರ್‌ಫೇಸ್ 1500ರಲ್ಲಿದೆ. ಮುಂದೆಲ್ಲೋ 1420ರ ಬಾಗಿಲಿದೆ ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ಜಾಲದ ಫರ್ಮ್‌ವೇರ್‌ನಲ್ಲಿ ಈ ಸಂಖ್ಯೆಯನ್ನು ಮೊದಲೇ ತುಂಬಿಟ್ಟಿರಬೇಕು, ಆ ಮನೆಯಲ್ಲಿ ಎಲ್ಲ ಸರಿಯಿರುವುದು ಅದರಿಂದಲೇ. ಸದ್ಯಕ್ಕೆ ನಿಮ್ಮ ರೌಟರ್‌ನ ಜಾಲದ ಕಡೆಯ ಇಂಟರ್‌ಫೇಸಿಗೆ ಎಂಟಿಯು 1420 ಎಂದು ಕೊಡಿ, ಉಳಿದದ್ದನ್ನು ಆ ಆಯ್ಕೆಯೇ ನೋಡಿಕೊಳ್ಳುತ್ತದೆ.

ಬೆಸುಗೆ · ಭಾನುವಾರ, ಬೆಳಿಗ್ಗೆ 10:31

ನಾನು ನಿನ್ನೆ ಸಂಜೆಯೇ ಹೇಳಿದ್ದೆ, ಜಾಲದ ಫರ್ಮ್‌ವೇರ್ ಹಾಕಿಕೊಳ್ಳಿ ಎಂದು.

ಹಳೇನೋಡ್ · ಭಾನುವಾರ, ಬೆಳಿಗ್ಗೆ 10:50

ಹೇಳಿದ್ದಿರಿ, ಕಾರಣ ಮಾತ್ರ ಹೇಳಿರಲಿಲ್ಲ. ಸಾದಾ ಫರ್ಮ್‌ವೇರ್ ಇಟ್ಟುಕೊಂಡು ಸೇರುವವರಿಗೂ ಜಾಲ ಕೆಲಸ ಮಾಡಬೇಕು. ಪ್ರತಿ ಮನೆಯಲ್ಲೂ ತಿದ್ದುವ ಬದಲು ಸುರಂಗ ಶುರುವಾಗುವ ಗೇಟ್‌ವೇಯಲ್ಲಿ ಒಂದೇ ಒಂದು ನಿಯಮ ಸಾಕು.

ಗೇಟ್‌ವೇ ನೋಡಿಕೊಳ್ಳುವವಳು · ಭಾನುವಾರ, ಮಧ್ಯಾಹ್ನ 12:35

ತಾರಸಿಯವನು ಅವರು ಸೇರಿರುವುದು ನಾನು ನೋಡಿಕೊಳ್ಳುವ ಜಾಲಕ್ಕೇ ಎಂದು 1420 ಓದಿದಾಗ ಖಚಿತವಾಯಿತು. ಮೌನಿ ಅವರ ಊಹೆ ಸರಿ. ಹೊರಗೆ ಹೋಗುವುದು ವೈರ್‌ಗಾರ್ಡ್ ಮೂಲಕವೇ, ಹಾಗೂ 1380ರ ನಿಯಮ ನಮ್ಮ ಫರ್ಮ್‌ವೇರ್‌ನಲ್ಲಿತ್ತೇ ಹೊರತು ಗೇಟ್‌ವೇಯಲ್ಲಿರಲಿಲ್ಲ. ಎಲ್ಲರೂ ನಮ್ಮ ಫರ್ಮ್‌ವೇರನ್ನೇ ಬಳಸುತ್ತಾರೆಂದು ನಾವು ಅಂದುಕೊಂಡಿದ್ದೆವು, ತಪ್ಪು ನಮ್ಮದು. ಈಗ ಗೇಟ್‌ವೇಯಲ್ಲೇ ಸೇರಿಸಿದ್ದೇನೆ. ದಯವಿಟ್ಟು ನಿಮ್ಮ ಎಂಟಿಯುವನ್ನು 1500ಕ್ಕೆ ಹಿಂತಿರುಗಿಸಿ ಪರೀಕ್ಷಿಸಿ. ಬೆಸುಗೆ ಅವರು ಹೇಳಿದ ಆ ಮೂರು ಮನೆಗಳಲ್ಲಿ ಒಂದರವರು ಕಳೆದ ತಿಂಗಳು ನನ್ನನ್ನು ಕೇಳಿದ್ದೂ ನಿಜ. ಕಂಬ ಎತ್ತರಿಸುವಾಗ ಎರಡನೇ ರೇಡಿಯೊಗೆ ಜಾಗ ಬಿಟ್ಟಿಡಿ.

ತಾರಸಿಯವನು · ಭಾನುವಾರ, ಮಧ್ಯಾಹ್ನ 1:20

1500ಕ್ಕೆ ಹಿಂತಿರುಗಿಸಿದೆ. ಪುಟ ತೆರೆಯಿತು. ಎಸ್‌ಎಸ್‌ಎಚ್‌ನಲ್ಲಿ ಸಾವಿರ ಸಾಲಿನ ಪಟ್ಟಿ ಕೇಳಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕೊನೆಯ ಸಾಲಿಗೆ ಬಂತು. ಸೆನ್ಸರ್ ಕೂಡ ಮನೆಯ 2.4ರ ವೈಫೈಗೆ ಸೇರಿ ತಾಪಮಾನ ಕಳುಹಿಸುತ್ತಿದೆ. ಮುಂದಿನ ವಾರ ಏಣಿ ಹತ್ತುತ್ತೇನೆ, ಎರಡು ರೇಡಿಯೊಗಳಿಗೆ ಸಾಕಾಗುವ ಕಂಬವನ್ನೇ ನಿಲ್ಲಿಸುತ್ತೇನೆ.

ಬಿಟ್ಟಸ್ಥಳ · ಭಾನುವಾರ, ಮಧ್ಯಾಹ್ನ 1:48

ಒಂದು ವಿಷಯ. ನಾನೂ ಇದೇ ಜಾಲದಲ್ಲಿ ಸಾದಾ ಫರ್ಮ್‌ವೇರ್ ಇಟ್ಟುಕೊಂಡಿರುವವನು. ಎರಡು ವರ್ಷಗಳಿಂದ ನನ್ನಲ್ಲಿ ತೆರೆಯದಿದ್ದ ಒಂದು ತಾಣ ಇವತ್ತು ಮಧ್ಯಾಹ್ನ ತಾನಾಗಿಯೇ ತೆರೆದುಕೊಂಡಿದೆ. ಇಷ್ಟು ದಿನ ಡಿಎನ್‌ಎಸ್ ಬದಲಾಯಿಸುತ್ತಾ ಕುಳಿತಿದ್ದೆ.